ಕೇಳುವವನೂ ಹೇಳುವವನೂ: ಇಸ್ಲಾಮೀ ಶಿಕ್ಷಣ ಚರಿತ್ರೆಯಲ್ಲಿ ಸಹಾನುಭೂತಿಯ ಪಾಠ

ನಮ್ಮ ಮಕ್ಕಳ ಶಾಲೆಯ ವೇಳಾಪಟ್ಟಿಯನ್ನೊಮ್ಮೆ ನೋಡೋಣ. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ - ಪ್ರತಿಯೊಂದಕ್ಕೂ ಅದರದೇ ಅವಧಿಯಿದೆ. ಪಕ್ಕದಲ್ಲಿ ಕುಳಿತವನ ನೋವನ್ನು ಅರಿಯುವುದಕ್ಕೆ, ಮಾತನ್ನು ಹಿತವಾಗಿ ಆಡುವುದಕ್ಕೆ, ಎದುರಿಗಿರುವವನ ಮಾತನ್ನು ಕೊನೆಯವರೆಗೂ ಕೇಳುವುದಕ್ಕೆ ಯಾವ ಅವಧಿಯಿದೆ? ವಾರಕ್ಕೊಮ್ಮೆ ಬರುವ ನೀತಿಪಾಠದ ಅವಧಿಯೂ ಪರೀಕ್ಷೆ ಹತ್ತಿರವಾದಂತೆ ಗಣಿತದ ಪಾಲಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕರುಣೆ ಮತ್ತು ಸಹಾನುಭೂತಿಯುಳ್ಳ ಮನುಷ್ಯರನ್ನು ರೂಪಿಸುವುದನ್ನು ಶಿಕ್ಷಣದ ಗುರಿಗಳಲ್ಲಿ ಒಂದೆಂದು ಸಾರಿದೆ. ಅದು ಮಧ್ಯಮ ಹಂತವೆಂದು ಕರೆದಿರುವ 6ರಿಂದ 8ನೆಯ ತರಗತಿಗಳಲ್ಲಿ 11ರಿಂದ 14 ವರ್ಷದ ಮಕ್ಕಳಿರುತ್ತಾರೆ. ಅಪಹಾಸ್ಯ ಆಳವಾಗಿ ನಾಟುವ ವಯಸ್ಸದು. ಗೆಳೆಯರ ಗುಂಪಿನಿಂದ ಹೊರಗುಳಿದ ಮಗು ಮನೆಯಲ್ಲೂ ಬಾಯಿ ಬಿಡದ ವಯಸ್ಸು. ಹಾಗಿದ್ದರೂ ಈ ಗುರಿಯನ್ನು ಯಾವ ಪಾಠದಲ್ಲಿ, ಹೇಗೆ ಸಾಧಿಸಬೇಕೆಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ನಮ್ಮ ಮದ್ರಸಗಳೂ ಈ ಪ್ರಶ್ನೆಯಿಂದ ಹೊರತಲ್ಲ. ಎಷ್ಟು ಪುಟಗಳು ಮುಗಿದವು, ಎಷ್ಟು ಸೂರಃಗಳು ಕಂಠಪಾಠವಾದವು ಎಂದು ನಾವು ವಿಚಾರಿಸುತ್ತೇವೆ. ಆ ಸೂರಃಗಳು ಮಗುವಿನ ನಾಲಗೆಯನ್ನು ಮೃದುಗೊಳಿಸಿದವೇ ಎಂದು ವಿಚಾರಿಸುವುದು ಅಪರೂಪ. ಹೀಗಿರುವಾಗ ನಮ್ಮ ಹಿರಿಯರು ಈ ವಿಷಯದಲ್ಲಿ ಏನು ಮಾಡಿದ್ದರು ಎಂದು ಚರಿತ್ರೆಯನ್ನು ಕೇಳುವುದು ಉಪಯುಕ್ತ. ಚರಿತ್ರೆ ನೀಡುವ ಉತ್ತರ ಸ್ಪಷ್ಟವಾಗಿದೆ: ಅವರು ಸಹಾನುಭೂತಿಗೆಂದು ಬೇರೊಂದು ವಿಷಯವನ್ನು ಕಟ್ಟಿಕೊಡಲಿಲ್ಲ. ಪ್ರತಿಯೊಂದು ವಿಷಯವನ್ನು ಕಲಿಸುವ ರೀತಿಯೊಳಗೇ ಅದನ್ನು ಸೇರಿಸಿದರು. ಅದನ್ನು ಅದಬ್ ಎಂದು ಕರೆದರು.

ಇದರ ಬೇರು ಕುರ್‌ಆನಿನಲ್ಲಿದೆ. ಪ್ರವಾದಿ ಮೂಸಾ(ಅ)ರಿಗೆ ಪ್ರವಾದಿತ್ವದ ಹೊಣೆ ಬಂದಾಗ ಅವರು ಅಲ್ಲಾಹನಲ್ಲಿ ಬೇಡಿದ್ದು ಸೈನ್ಯವನ್ನಲ್ಲ. ತಮ್ಮ ಹೃದಯವನ್ನು ವಿಶಾಲಗೊಳಿಸುವಂತೆ, ಜನರಿಗೆ ಮಾತು ಅರ್ಥವಾಗುವಂತೆ ನಾಲಗೆಯ ತೊಡಕನ್ನು ಬಿಡಿಸುವಂತೆ ಅವರು ಬೇಡಿದರೆಂದು ತ್ವಾಹಾ ಅಧ್ಯಾಯ ತಿಳಿಸುತ್ತದೆ. ಮೊದಲು ಹೃದಯ, ಆ ಬಳಿಕ ನಾಲಗೆ. ಫಿರ್‌ಔನನಂತಹ ಅಹಂಕಾರಿಯೊಂದಿಗೂ ಮೃದುವಾಗಿ ಮಾತನಾಡಬೇಕೆಂಬ ಆಜ್ಞೆ ಬಂದುದು ಇದೇ ಅಧ್ಯಾಯದಲ್ಲಿ. ಸತ್ಯವನ್ನು ಹೇಳಿದರೆ ಸಾಲದು, ಕೇಳುವವನ ಮನಸ್ಸಿಗೆ ದಾರಿ ಮಾಡಿಕೊಂಡು ಹೇಳಬೇಕು ಎಂಬ ಪಾಠವಿದು.

ಮದೀನಾದ ಮಸೀದಿಯಲ್ಲಿ ಪ್ರವಾದಿ(ಸ)ರು ಈ ಪಾಠವನ್ನು ಬದುಕಿ ತೋರಿಸಿದರು. ಮುಆವಿಯ ಬಿನ್ ಅಲ್ ಹಕಮ್(ರ) ಎಂಬವರು ಹೊಸದಾಗಿ ಇಸ್ಲಾಮ್ ಸ್ವೀಕರಿಸಿದ್ದರು. ನಮಾಝಿನ ನಡುವೆ ಒಬ್ಬರು ಸೀನಿದಾಗ ನಿಯಮ ತಿಳಿಯದೆ ಅವರಿಗಾಗಿ ಗಟ್ಟಿಯಾಗಿ ಪ್ರಾರ್ಥಿಸಿಬಿಟ್ಟರು. ಸುತ್ತಲಿನವರು ದುರುಗುಟ್ಟಿ ನೋಡಿದರು, ತೊಡೆ ತಟ್ಟಿ ಸುಮ್ಮನಾಗಿಸಿದರು. ನಮಾಝ್ ಮುಗಿದ ಮೇಲೆ ಪ್ರವಾದಿ(ಸ)ರು ಅವರನ್ನು ಗದರಲಿಲ್ಲ, ಹೊಡೆಯಲಿಲ್ಲ, ನಿಂದಿಸಲಿಲ್ಲ. ನಮಾಝಿನಲ್ಲಿ ಲೌಕಿಕ ಮಾತು ಸಲ್ಲದೆಂದು ಶಾಂತವಾಗಿ ತಿಳಿಸಿದರು. ಅಂತಹ ಶಿಕ್ಷಕರನ್ನು ತಾವು ಅದಕ್ಕೆ ಮೊದಲೂ ನಂತರವೂ ಕಂಡಿಲ್ಲವೆಂದು ಅವರು ಜೀವನವಿಡೀ ಸ್ಮರಿಸಿದರು. ಅಂದು ಅವರು ಕಲಿತದ್ದು ನಮಾಝಿನ ಒಂದು ನಿಯಮ. ಜೊತೆಗೆ, ತಪ್ಪಿದವನನ್ನು ಹೇಗೆ ತಿದ್ದಬೇಕೆಂಬುದನ್ನೂ ಕಲಿತರು. ಎರಡು ಪಾಠಗಳು ಒಂದೇ ಮಾತಿನಲ್ಲಿ ನಡೆದವು.

ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಹಕ್ಕಿ ಸತ್ತಾಗ ಪ್ರವಾದಿ(ಸ)ರು ಆ ಮಗುವಿನೊಂದಿಗೆ ಹಕ್ಕಿಯ ಕುರಿತು ಮಾತನಾಡಿದ ಘಟನೆಯೂ ಹದೀಸ್ ಗ್ರಂಥಗಳಲ್ಲಿದೆ. ಒಂದು ರಾಷ್ಟ್ರದ ಹೊಣೆ ಹೊತ್ತವರಿಗೆ ಒಂದು ಮಗುವಿನ ದುಃಖ ಸಣ್ಣದೆನಿಸಲಿಲ್ಲ. ಸಾಮೂಹಿಕ ನಮಾಝಿನಲ್ಲಿ ಮಗುವಿನ ಅಳು ಕೇಳಿಸಿದರೆ ತಾಯಿಯ ತಳಮಳವನ್ನು ನೆನೆದು ಅವರು ನಮಾಝನ್ನು ಚಿಕ್ಕದಾಗಿಸುತ್ತಿದ್ದರು. ಮುಖ್ಯ ವಿಷಯವನ್ನು ಅರ್ಥವಾಗುವಂತೆ ಮೂರು ಸಲ ಹೇಳುತ್ತಿದ್ದರು. ಕೇಳುಗರಿಗೆ ಬೇಸರವಾಗದಂತೆ ದಿನಗಳನ್ನು ಆರಿಸಿ ಬೋಧಿಸುತ್ತಿದ್ದರು. ಸಹಾನುಭೂತಿಯೂ ಸಂವಹನವೂ ಒಂದೇ ಗುಣದ ಎರಡು ಮುಖಗಳೆಂದು ಇಲ್ಲಿ ನಮಗೆ ತಿಳಿಯುತ್ತದೆ.

ಈ ಮಾದರಿಯನ್ನು ಮಕ್ಕಳ ಶಾಲೆಗೆ ಅನ್ವಯಿಸಿ ಬರೆದ ಮೊದಲಿಗರಲ್ಲಿ ಇಬ್ನು ಸಹ್‌ನೂನ್ (817-870) ಪ್ರಮುಖರು. ಇಂದಿನ ಟುನೀಶಿಯಾದ ಕೈರವಾನ್ ನಗರದ ಈ ಮಾಲಿಕೀ ವಿದ್ವಾಂಸರು ಅಧ್ಯಾಪಕರ ಶಿಷ್ಟಾಚಾರಗಳ ಕುರಿತು ಒಂದು ಕಿರು ಗ್ರಂಥವನ್ನೇ ರಚಿಸಿದರು. ಬಡವನ ಮಗನನ್ನೂ ಸಿರಿವಂತನ ಮಗನನ್ನೂ ಅಧ್ಯಾಪಕ ಸಮಾನವಾಗಿ ಕಾಣಬೇಕು, ಕೋಪದಲ್ಲಿ ಶಿಕ್ಷಿಸಬಾರದು, ಮಕ್ಕಳನ್ನು ತನ್ನ ಸ್ವಂತ ಕೆಲಸಗಳಿಗೆ ಬಳಸಬಾರದು ಎಂದು ಅವರು ವಿಧಿಸಿದರು. ಬರವಣಿಗೆಯ ಪಾಠದಲ್ಲಿ ಮಕ್ಕಳು ಪರಸ್ಪರ ಹೇಳಿ ಬರೆಸುವುದರಿಂದ ಪ್ರಯೋಜನವಿದೆಯೆಂದೂ, ಆ ಬರವಣಿಗೆಯನ್ನು ಅಧ್ಯಾಪಕ ಪರಿಶೀಲಿಸಬೇಕೆಂದೂ ಹೇಳಿದರು. ಒಬ್ಬ ಸ್ಪಷ್ಟವಾಗಿ ಹೇಳಬೇಕು, ಇನ್ನೊಬ್ಬ ಗಮನವಿಟ್ಟು ಕೇಳಬೇಕು. ಇಬ್ಬರು ಬಾಲಕರ ನಡುವಿನ ಈ ಅಭ್ಯಾಸ ಬರವಣಿಗೆಯ ಪಾಠವೂ ಹೌದು, ಸಂವಹನದ ಪಾಠವೂ ಹೌದು.

ಇಮಾಮ್ ಗಝ್ಝಾಲಿ(ರ) (1058-1111) ಈ ವಿಚಾರವನ್ನು ಇನ್ನಷ್ಟು ಆಳಕ್ಕೆ ಕೊಂಡೊಯ್ದರು. ಬಗ್ದಾದಿನ ನಿಝಾಮಿಯ್ಯ ಮದ್ರಸದ ಪ್ರಖ್ಯಾತ ಪ್ರಾಧ್ಯಾಪಕರಾಗಿದ್ದ ಅವರು 1095ರಲ್ಲಿ ಆ ಹುದ್ದೆಯನ್ನು ತೊರೆದು ಆತ್ಮಶೋಧನೆಗೆ ಹೊರಟರು. ಆ ಬಳಿಕ ರೂಪುಗೊಂಡ ಇಹ್ಯಾ ಉಲೂಮಿದ್ದೀನ್ ಗ್ರಂಥದಲ್ಲಿ ಶಿಕ್ಷಕನ ಕರ್ತವ್ಯಗಳನ್ನು ಪಟ್ಟಿಮಾಡುವಾಗ ಅವರು ಮೊದಲ ಸ್ಥಾನವನ್ನು ವಿದ್ಯಾರ್ಥಿಗಳ ಮೇಲಿನ ಕರುಣೆಗೆ ಕೊಟ್ಟರು. ಅವರನ್ನು ಸ್ವಂತ ಮಕ್ಕಳಂತೆ ಕಾಣಬೇಕೆಂದರು. ವಿದ್ಯಾರ್ಥಿಯ ದುರ್ನಡತೆಯನ್ನು ಎಲ್ಲರೆದುರು ಬಯಲು ಮಾಡದೆ ಸೂಚ್ಯವಾಗಿ ತಿದ್ದಬೇಕೆಂದರು. ಒಂದು ವಿಷಯದ ಅಧ್ಯಾಪಕ ಇನ್ನೊಂದು ವಿಷಯವನ್ನು ವಿದ್ಯಾರ್ಥಿಯ ಮುಂದೆ ಹೀಗಳೆಯಬಾರದೆಂದೂ ಎಚ್ಚರಿಸಿದರು. ಗಣಿತದ ಶಿಕ್ಷಕ ಭಾಷಾಪಾಠವನ್ನು ನಗೆಪಾಟಲು ಮಾಡಿದರೆ ಮಗು ಕಲಿಯುವುದು ಗಣಿತವನ್ನಷ್ಟೇ ಅಲ್ಲ, ತಾತ್ಸಾರವನ್ನೂ ಕಲಿಯುತ್ತದೆ.

ಮಕ್ಕಳ ತರಬೇತಿಯ ಕುರಿತು ಅದೇ ಗ್ರಂಥದಲ್ಲಿ ಬರುವ ಒಂದು ಸೂಚನೆ ನಮ್ಮ ಕಾಲಕ್ಕೆಂದೇ ಬರೆದಂತಿದೆ. ತಂದೆತಾಯಿಯ ಆಸ್ತಿ, ತನ್ನ ಊಟ, ಉಡುಪು, ಕೊನೆಗೆ ತನ್ನ ಬರೆಯುವ ಹಲಗೆ ಮತ್ತು ಮಸಿಕುಡಿಕೆಯ ವಿಷಯದಲ್ಲೂ ಮಗು ಜೊತೆಗಾರರ ಮುಂದೆ ಜಂಬ ಕೊಚ್ಚದಂತೆ ನೋಡಿಕೊಳ್ಳಬೇಕೆಂದು ಇಮಾಮರು ಹೇಳುತ್ತಾರೆ. ಇಂದು ಹಲಗೆಯ ಜಾಗಕ್ಕೆ ಮೊಬೈಲ್ ಬಂದಿದೆ, ಮಸಿಕುಡಿಕೆಯ ಜಾಗಕ್ಕೆ ದುಬಾರಿ ಶೂ ಬಂದಿದೆ. ಅದನ್ನು ಕಂಡು ತಲೆ ತಗ್ಗಿಸುವ ಬಡ ಸಹಪಾಠಿಯ ನೋವು ಮಾತ್ರ ಅಂದಿನದೇ. ಹಿರಿಯರು ಮಾತನಾಡುವಾಗ ಚೆನ್ನಾಗಿ ಕೇಳಿಸಿಕೊಳ್ಳುವುದನ್ನೂ, ಬಂದವರಿಗೆ ಜಾಗ ಬಿಟ್ಟುಕೊಡುವುದನ್ನೂ ರೂಢಿಸಬೇಕೆಂದ ಇಮಾಮರು, ಪಾಠದ ಬಳಿಕ ಮಗುವಿಗೆ ಆಟ ಬೇಕೇ ಬೇಕು, ಇಲ್ಲವಾದರೆ ಅದರ ಹೃದಯ ಸಾಯುತ್ತದೆ ಎಂಬುದನ್ನೂ ಮರೆಯಲಿಲ್ಲ.

ಈ ಪರಂಪರೆಯ ಅತ್ಯಂತ ಸೂಕ್ಷ್ಮ ಚಿತ್ರಣ ಸಿಗುವುದು ಇಬ್ನು ಜಮಾಅ (1241-1333) ಅವರಲ್ಲಿ. ಕೈರೋ ಮತ್ತು ಡಮಾಸ್ಕಸ್‌ಗಳಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಅವರು 1273ರಲ್ಲಿ ಬರೆದ ಶಿಕ್ಷಣಗ್ರಂಥದ ಹೆಸರು ತದ್‌ಕಿರತುಸ್ಸಾಮಿಅ್ ವಲ್ ಮುತಕಲ್ಲಿಮ್. ಕೇಳುವವನಿಗೂ ಮಾತನಾಡುವವನಿಗೂ ಒಂದು ನೆನಪೋಲೆ ಎಂಬುದು ಇದರ ಭಾವ. ಹೆಸರಿನಲ್ಲಿ ಕೇಳುವವನೇ ಮೊದಲು ಬರುತ್ತಾನೆ ಎಂಬುದು ಗಮನಾರ್ಹ. ಅಧ್ಯಾಪಕನ ಧ್ವನಿ ಸಭೆಯನ್ನು ದಾಟಿ ಹೋಗಬಾರದು, ಕುಳಿತವರಿಗೆ ಕೇಳಿಸದಷ್ಟು ತಗ್ಗಲೂ ಬಾರದು. ಕಿವಿ ಮಂದವಾದವನಿದ್ದರೆ ಅವನಿಗೆ ಕೇಳುವಷ್ಟು ಏರಿಸಬೇಕು ಎಂದು ಅವರು ಬರೆದರು. ಪ್ರಶ್ನೆಯನ್ನು ಸರಿಯಾಗಿ ಹೇಳಲಾರದೆ ಸಂಕೋಚಪಡುವ ವಿದ್ಯಾರ್ಥಿಯ ಆಶಯವನ್ನು ಅಧ್ಯಾಪಕನೇ ಗ್ರಹಿಸಿ ಬಿಡಿಸಿ ಹೇಳಬೇಕೆಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಬೇಕೆಂದರು. ತರಗತಿಗೆ ಬಾರದ ವಿದ್ಯಾರ್ಥಿಯನ್ನು ವಿಚಾರಿಸಬೇಕು, ಕಾಯಿಲೆಯಾಗಿದ್ದರೆ ಹೋಗಿ ನೋಡಬೇಕು, ಕಷ್ಟದಲ್ಲಿದ್ದರೆ ನೆರವಾಗಬೇಕು. ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ಗೈರುಹಾಜರಾದವನ ಹೆಸರಿನ ಮುಂದೆ ಒಂದು ಗುರುತು ಬೀಳುತ್ತದೆ. ಇಬ್ನು ಜಮಾಅ ಅವರ ಪ್ರಕಾರ ಅಧ್ಯಾಪಕನ ಕೆಲಸ ಆರಂಭವಾಗುವುದು ಆ ಗುರುತಿನ ನಂತರವೇ.

ಗತಕಾಲವನ್ನು ಸ್ವರ್ಣಯುಗವೆಂದು ಬಣ್ಣಿಸುವುದು ನಮ್ಮ ಉದ್ದೇಶವಲ್ಲ. ಕೋಪದಲ್ಲಿ ಹೊಡೆಯಬಾರದೆಂಬ ನಿಯಮ ಬರೆಯಬೇಕಾಯಿತೆಂದರೆ ಹಾಗೆ ಹೊಡೆಯುವವರು ಇದ್ದರೆಂದೇ ಅರ್ಥ. ಇಬ್ನು ಖಲ್ದೂನ್ (1332-1406) ಈ ಕಹಿಸತ್ಯವನ್ನು ಮರೆಮಾಚಲಿಲ್ಲ. 1377ರಲ್ಲಿ ರಚಿಸಿದ ಮುಖದ್ದಿಮದಲ್ಲಿ ಅವರು ಮಕ್ಕಳ ಮೇಲಿನ ಕಾಠಿಣ್ಯದ ಪರಿಣಾಮವನ್ನು ವಿವರಿಸುತ್ತಾರೆ: ಅದು ಮಗುವಿನ ಉತ್ಸಾಹವನ್ನು ಕುಗ್ಗಿಸುತ್ತದೆ, ಸೋಮಾರಿತನಕ್ಕೆ ತಳ್ಳುತ್ತದೆ, ಪೆಟ್ಟಿನ ಭಯದಿಂದ ಸುಳ್ಳು ಹೇಳುವುದನ್ನೂ ಕಪಟವನ್ನೂ ಕಲಿಸುತ್ತದೆ. ತಮ್ಮ ಕಾಲದ ಉನ್ನತ ಮದ್ರಸಗಳ ಕುರಿತೂ ಅವರಿಗೆ ದೂರಿತ್ತು. ಮೊರೊಕ್ಕೊದಲ್ಲಿ ವಿದ್ಯಾರ್ಥಿಯ ಮದ್ರಸವಾಸದ ಅವಧಿ 16 ವರ್ಷ, ಟುನೀಸಿನಲ್ಲಿ 5 ವರ್ಷ. ಅಷ್ಟು ದೀರ್ಘಕಾಲ ಕಲಿತರೂ ಅಲ್ಲಿನ ಅನೇಕರು ಜ್ಞಾನವನ್ನು ಬಳಸಲಾರದೆ ಹೋಗುವುದೇಕೆ? ಅವರು ಪಾಠಸಭೆಗಳಲ್ಲಿ ಬಾಯಿ ತೆರೆಯದೆ ಕಂಠಪಾಠದಲ್ಲೇ ಮುಳುಗಿರುತ್ತಾರೆ. ವಿದ್ಯೆ ಒಲಿಯುವ ಸುಲಭ ದಾರಿ ಸ್ಪಷ್ಟವಾಗಿ ಮಾತನಾಡಿ ಚರ್ಚಿಸುವುದು ಎಂಬುದು ಅವರ ಉತ್ತರ. ಮೌನವಾಗಿ ಕುಳಿತ ತರಗತಿಯನ್ನು ಶಿಸ್ತಿನ ತರಗತಿಯೆಂದು ಇಂದಿಗೂ ಭಾವಿಸುವ ನಮಗೆ ಆರು ಶತಮಾನಗಳಾಚೆಯಿಂದ ಬಂದ ಎಚ್ಚರಿಕೆಯಿದು.

ಈ ವಿದ್ಯಾಪರಂಪರೆ ನಮ್ಮ ನೆಲಕ್ಕೂ ಬಂದಿತ್ತು. ಇರಾನಿನ ಗೀಲಾನ್ ಪ್ರದೇಶದಿಂದ ಬಂದು ಬಹಮನಿ ಸುಲ್ತಾನರ ಪ್ರಧಾನಿಯಾದ ಖ್ವಾಜಾ ಮಹ್ಮೂದ್ ಗಾವಾನ್ 1472ರಲ್ಲಿ ಬೀದರಿನಲ್ಲಿ ಮೂರು ಅಂತಸ್ತಿನ ಭವ್ಯ ಮದ್ರಸವನ್ನು ಕಟ್ಟಿಸಿದರು. ಅದರ ಗ್ರಂಥಾಲಯದಲ್ಲಿ ಸುಮಾರು 3000 ಗ್ರಂಥಗಳಿದ್ದವೆಂದು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ಉಳಿದು ನಿಂತಿರುವ ಒಂದು ಮಿನಾರು ಇಂದಿಗೂ ಆ ಕಾಲವನ್ನು ನೆನಪಿಸುತ್ತದೆ. ಗಾವಾನ್ ಸ್ವತಃ ಸಂವಹನ ಕಲೆಯ ಪಂಡಿತರು. ಪತ್ರಲೇಖನದ ನಿಯಮಗಳನ್ನು ತಿಳಿಸುವ ಮನಾಝಿರುಲ್ ಇನ್ಶಾ ಎಂಬ ಗ್ರಂಥವನ್ನು ಅವರು ಬರೆದರು. ಅವರ ಪತ್ರಗಳ ಸಂಗ್ರಹ ರಿಯಾಝುಲ್ ಇನ್ಶಾ ಎಂದು ಪ್ರಸಿದ್ಧವಾಗಿದೆ. ಯಾರಿಗೆ ಹೇಗೆ ಬರೆಯಬೇಕು, ಎದುರಿಗಿರುವವನ ಸ್ಥಾನವನ್ನೂ ಮನಸ್ಥಿತಿಯನ್ನೂ ಹೇಗೆ ಅರಿಯಬೇಕು ಎಂಬುದು ಅಂದಿನ ವಿದ್ಯಾವಂತನ ಶಿಕ್ಷಣದ ಭಾಗವಾಗಿತ್ತು.

ಅಂತಹ ವ್ಯಕ್ತಿಯ ಅಂತ್ಯ ಒಂದು ಪತ್ರದಿಂದಲೇ ಆಯಿತೆಂಬುದು ಚರಿತ್ರೆಯ ನೋವಿನ ಸಂಗತಿ. ಆಸ್ಥಾನದ ವಿರೋಧಿಗಳು ಅವರ ಮುದ್ರೆಯಿದ್ದ ಖಾಲಿ ಕಾಗದವನ್ನು ಕಪಟದಿಂದ ಪಡೆದು, ಒಡಿಶಾದ ಅರಸನನ್ನು ದಂಡೆತ್ತಿ ಬರುವಂತೆ ಆಹ್ವಾನಿಸುವ ಪತ್ರವೊಂದನ್ನು ಸೃಷ್ಟಿಸಿದರು. ಮುದ್ರೆ ತನ್ನದು, ಬರಹ ತನ್ನದಲ್ಲ ಎಂದು ವೃದ್ಧ ಪ್ರಧಾನಿ ನಿವೇದಿಸಿಕೊಂಡರು. ಸುಲ್ತಾನ ಮೂರನೆಯ ಮುಹಮ್ಮದ್ ಶಾಹ್ ಕೇಳಿಸಿಕೊಳ್ಳಲಿಲ್ಲ. 1481ರಲ್ಲಿ ಅವರನ್ನು ಕೊಲ್ಲಿಸಿದನು. ಸತ್ಯ ತಿಳಿದು ಪಶ್ಚಾತ್ತಾಪಪಟ್ಟ ಅವನೂ ಮರುವರ್ಷ ತೀರಿಕೊಂಡನು. ಬಹಮನಿ ರಾಜ್ಯ ಮತ್ತೆ ಚೇತರಿಸಿಕೊಳ್ಳಲಿಲ್ಲ. ಸುದ್ದಿ ತಂದವನನ್ನು ನಂಬುವ ಮುನ್ನ ಪರಿಶೀಲಿಸಿರಿ, ಇಲ್ಲವಾದರೆ ಅಜ್ಞಾನದಿಂದ ಜನರಿಗೆ ಹಾನಿ ಮಾಡಿ ಬಳಿಕ ಪರಿತಪಿಸುವಿರಿ ಎಂಬ ಹುಜುರಾತ್ ಅಧ್ಯಾಯದ ಬೋಧನೆಯನ್ನು ಆ ಆಸ್ಥಾನದಲ್ಲಿ ಓದಿದವರಿದ್ದರು. ಅಂದು ಅದನ್ನು ಪಾಲಿಸುವವರು ಇರಲಿಲ್ಲ. ಒಂದು ಸುಳ್ಳು ಸಂದೇಶ ನಿಮಿಷದೊಳಗೆ ಸಾವಿರಾರು ಮೊಬೈಲುಗಳನ್ನು ತಲಪುವ ಈ ದಿನಗಳಲ್ಲಿ, ಕೇಳಿಸಿಕೊಳ್ಳುವ ಮತ್ತು ಪರಿಶೀಲಿಸುವ ವಿದ್ಯೆ ಪ್ರಾಣ ಉಳಿಸುವ ವಿದ್ಯೆಯೂ ಹೌದು.

ಹಾಗಾದರೆ ನಾವೇನು ಮಾಡಬಹುದು? ಹೊಸ ಪಠ್ಯಪುಸ್ತಕಕ್ಕಾಗಿ ಕಾಯಬೇಕಿಲ್ಲ. ಗಣಿತದಲ್ಲಿ ಲೆಕ್ಕ ಬಿಡಿಸಿದ ಮಗು, ಬಾರದ ಮಗುವಿಗೆ ಅದನ್ನು ಅವಮಾನಿಸದೆ ವಿವರಿಸಲಿ; ಪಿತ್ರಾರ್ಜಿತ ಆಸ್ತಿಯ ಹಂಚಿಕೆ ಮತ್ತು ಝಕಾತ್‌ಗಳ ಲೆಕ್ಕವನ್ನು ಮಾಡುವಾಗ ಅಂಕಿಗಳ ಹಿಂದೆ ಒಬ್ಬ ವಿಧವೆ, ಒಬ್ಬ ಅನಾಥ ಇದ್ದಾರೆಂದು ಅಧ್ಯಾಪಕ ನೆನಪಿಸಲಿ. ವಿಜ್ಞಾನದಲ್ಲಿ ಕಣ್ಣು ಕಿವಿಗಳ ರಚನೆಯನ್ನು ಕಲಿಯುವಾಗ ಕಾಣದವರ, ಕೇಳದವರ ದಿನಚರಿಯನ್ನೂ ಚರ್ಚಿಸಲಿ. ಸಮಾಜ ವಿಜ್ಞಾನದಲ್ಲಿ ಒಂದು ಯುದ್ಧವನ್ನು ಗೆದ್ದವರ ಮತ್ತು ಸೋತವರ ಎರಡೂ ಕಡೆಯಿಂದ ಮಕ್ಕಳು ಹೇಳಲಿ. ಭಾಷಾ ತರಗತಿಯಲ್ಲಿ ಬೇರೆ ಧರ್ಮದ ಸಹಪಾಠಿಯ ಮನೆಯ ಹಬ್ಬದ ಕುರಿತು ಅವನನ್ನೇ ಕೇಳಿ, ಅವನು ಹೇಳಿದ್ದನ್ನು ತಪ್ಪಿಲ್ಲದೆ ಬರೆಯಲಿ. ಮದ್ರಸದಲ್ಲಿ ಅಬಸ ಅಧ್ಯಾಯವನ್ನು ಕಂಠಪಾಠ ಮಾಡುವ ಮಗುವಿಗೆ, ಅಂಧರಾಗಿದ್ದ ಇಬ್ನು ಉಮ್ಮಿ ಮಕ್ತೂಮ್(ರ)ರ ಪರವಾಗಿ ಆ ವಚನಗಳು ಅವತೀರ್ಣವಾದವೆಂಬುದನ್ನೂ ಉಸ್ತಾದರು ತಿಳಿಸಲಿ.

ಇವೆಲ್ಲಕ್ಕೂ ಮೊದಲು ನಮ್ಮ ಮನೆಗಳು ಬದಲಾಗಬೇಕು. ಶಾಲೆಯಿಂದ ಬಂದ ಮಗುವನ್ನು ಎಷ್ಟು ಅಂಕ ಬಂತು ಎಂದು ಕೇಳುವ ನಾವು, ಇಂದು ಯಾರಿಗೆ ನೆರವಾದೆ, ಯಾರು ಒಂಟಿಯಾಗಿದ್ದರು ಎಂದೂ ಕೇಳುವುದನ್ನು ರೂಢಿಸಿಕೊಳ್ಳೋಣ. ಮಗು ಉತ್ತರಿಸುವಾಗ ನಮ್ಮ ಮೊಬೈಲ್ ಬದಿಗಿರಲಿ. ಪ್ರವಾದಿ(ಸ)ರು ಒಂದು ಮಗುವಿನ ಸತ್ತ ಹಕ್ಕಿಗಾಗಿ ಸಮಯ ಕೊಟ್ಟಿದ್ದರು. ನಮ್ಮ ಮಕ್ಕಳ ಮಾತಿಗೆ ನಮ್ಮಲ್ಲಿ ಸಮಯವಿಲ್ಲವೆಂದರೆ ನಾವು ಯಾರ ಅನುಯಾಯಿಗಳು?

ವಿಶಾಲವಾದ ಹೃದಯವನ್ನೂ ತೊಡಕಿಲ್ಲದ ನಾಲಗೆಯನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅವರ ಶಿಕ್ಷಕರಿಗೂ ಕರುಣಿಸಲಿ. ಆಮೀನ್.