ನೆಲದಡಿಯ ರೋಮ್: ಹಳೆಯ ಚರಂಡಿಗಳ ಪರಿಶೀಲನೆಗೆ ಸಾಹಿತ್ಯಾಧಾರಗಳು

ಪ್ರಾಚೀನ ರೋಮಿನ ವೈಭವವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ದೇವಾಲಯ, ರಂಗಮಂದಿರ, ವಿಜಯಕಮಾನುಗಳ ಬಳಿ ನಿಂತುಬಿಡುತ್ತಾರೆ. ಹಿರಿಯ ಪ್ಲಿನಿ ಹಾಗಲ್ಲ. ‘ನಿಸರ್ಗ ಚರಿತ್ರೆ’ಯ 36ನೆಯ ಭಾಗದಲ್ಲಿ ಅವನು ನಗರದ ಚರಂಡಿಗಳನ್ನು ಎಲ್ಲಕ್ಕಿಂತ ದೊಡ್ಡ ನಿರ್ಮಾಣವೆಂದು ಕೊಂಡಾಡಿದ್ದಾನೆ. ಕ್ಲೋವಾಕಾ ಮ್ಯಾಕ್ಸಿಮಾ ಎಂಬ ಮಹಾಚರಂಡಿಯನ್ನು ಟಾರ್ಕ್ವಿನ್ ವಂಶದ ದೊರೆಗಳು ಕ್ರಿ.ಪೂ. 6ನೆಯ ಶತಮಾನದಲ್ಲಿ ಕಟ್ಟಿಸಿದರೆಂಬುದು ಪರಂಪರೆಯ ನಂಬಿಕೆ. ಗುಡ್ಡಗಳ ನಡುವಣ ಜೌಗು ತಗ್ಗಿನ ನೀರನ್ನು ಟೈಬರ್ ನದಿಗೆ ಸಾಗಿಸುತ್ತಿದ್ದ ಇದು ಮೊದಲಿಗೆ ತೆರೆದ ಕಾಲುವೆ. ಕಲ್ಲಿನ ಕಮಾನು ಮುಚ್ಚಿಗೆ ಬಂದದ್ದು ಆಮೇಲೆ. ಮಳೆಯ ನೀರೂ ಊರಿನ ಕೊಳಕೂ ಒಂದೇ ದಾರಿಯಲ್ಲಿ ಹರಿಯುತ್ತಿದ್ದವು.

ಕಟ್ಟಿಸಿದವರ ಹೆಸರು ಸುಲಭವಾಗಿ ಉಳಿಯುತ್ತದೆ. ಹಳತಾದ ಮೇಲೆ ಒಳಗಿಳಿದು ನೋಡಿದವರು ಯಾರು, ಏನನ್ನು ನೋಡಿದರು ಎಂಬುದನ್ನು ಮಾತ್ರ ಗ್ರಂಥಗಳ ಸಂದುಗಳಲ್ಲಿ ಹುಡುಕಬೇಕಾಗುತ್ತದೆ.

ಕ್ರಿ.ಪೂ. 184ರಲ್ಲಿ ಸೆನ್ಸಾರ್ ಪದವಿಯಲ್ಲಿದ್ದ ಕೇಟೋ ಮತ್ತು ವಲೇರಿಯಸ್ ಫ್ಲಾಕಸ್ ಅಗತ್ಯವಿದ್ದ ಕಡೆ ಚರಂಡಿಗಳ ಹೂಳೆತ್ತಿಸಿದರೆಂದೂ ಇಲ್ಲದಿದ್ದ ಕಡೆ ಹೊಸದಾಗಿ ಕಟ್ಟಿಸಿದರೆಂದೂ ಲಿವಿ ಹೇಳುತ್ತಾನೆ. ‘ಅಗತ್ಯವಿದ್ದ ಕಡೆ’ ಎಂಬ ಮಾತಿನ ಹಿಂದೆ ಒಂದು ಪರಿಶೀಲನೆ ನಡೆದಿರಲೇಬೇಕು. ನಿರ್ಲಕ್ಷ್ಯದಿಂದ ಚರಂಡಿಗಳು ಕಟ್ಟಿಕೊಂಡಾಗ ಅವನ್ನು ಶುಚಿಗೊಳಿಸಿ ದುರಸ್ತಿ ಮಾಡಲು 1000 ಟ್ಯಾಲೆಂಟುಗಳ ಗುತ್ತಿಗೆ ಕೊಡಲಾಯಿತೆಂದು ಹಾಲಿಕಾರ್ನಾಸಸ್‌ನ ಡಯೋನಿಸಿಯಸ್ ಹಿಂದಿನ ಚರಿತ್ರಕಾರನೊಬ್ಬನ ಆಧಾರದಿಂದ ಬರೆದಿದ್ದಾನೆ.

ಲಿವಿಯಲ್ಲೇ ಇನ್ನೊಂದು ಉಲ್ಲೇಖವಿದೆ. ಗಾಲ್ ಜನರು ನಗರವನ್ನು ಸುಟ್ಟ ಬಳಿಕ ಜನ ಆತುರದಿಂದ, ಯಾರ ನೆಲ ಯಾವುದೆಂದು ನೋಡದೆ ಮನೆ ಕಟ್ಟಿಕೊಂಡರು. ಹಾಗಾಗಿ ಒಮ್ಮೆ ಸಾರ್ವಜನಿಕ ಸ್ಥಳದಲ್ಲಿ ಸಾಗುತ್ತಿದ್ದ ಹಳೆಯ ಚರಂಡಿಗಳು ಈಗ ಖಾಸಗಿ ಮನೆಗಳ ಅಡಿಯಲ್ಲಿ ಹಾದುಹೋಗುತ್ತವೆ ಎನ್ನುತ್ತಾನೆ. ಈ ಕಾರಣವನ್ನು ಇಂದಿನ ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಅಷ್ಟು ದೊಡ್ಡ ದಹನದ ಕುರುಹು ಉತ್ಖನನದಲ್ಲಿ ಸಿಕ್ಕಿಲ್ಲ. ಕಾರಣ ಸಂದೇಹಾಸ್ಪದವಾದರೂ ಸಾಕ್ಷ್ಯ ಬೆಲೆಯುಳ್ಳದ್ದೇ: ಲಿವಿಯ ಕಾಲಕ್ಕೆ ಚರಂಡಿಗಳು ಮನೆಗಳ ಕೆಳಗಿದ್ದವು. ರಾಜಕಾಲುವೆಗಳ ಮೇಲೆ ಬಡಾವಣೆಗಳೆದ್ದ ಬೆಂಗಳೂರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಅಗ್ರಿಪ್ಪನ ದೋಣಿಯಾತ್ರೆ. ಅದಾಗಲೇ ಕಾನ್ಸುಲ್ ಆಗಿದ್ದವನು ಕ್ರಿ.ಪೂ. 33ರಲ್ಲಿ ಅದಕ್ಕಿಂತ ಕೆಳಗಿನ ಈಡೈಲ್ ಪದವಿಯನ್ನು ಒಪ್ಪಿಕೊಂಡು, ಬೊಕ್ಕಸದಿಂದ ಏನನ್ನೂ ಪಡೆಯದೆ ಚರಂಡಿಗಳನ್ನು ಶುಚಿಗೊಳಿಸಿ, ಅವುಗಳೊಳಗೆ ದೋಣಿಯಲ್ಲಿ ಟೈಬರ್‌ವರೆಗೆ ಸಾಗಿದನೆಂದು ಕ್ಯಾಸಿಯಸ್ ಡಿಯೋ ಬರೆಯುತ್ತಾನೆ. ಡಿಯೋ ಎರಡು ಶತಮಾನಗಳಿಗೂ ಹೆಚ್ಚು ಕಾಲ ಈಚಿನವನು. ಆದರೆ ಪ್ಲಿನಿಯೂ ಇದನ್ನು ಸೂಚಿಸುವುದರಿಂದ ಕಟ್ಟುಕಥೆಯೆಂದು ತಳ್ಳಿಹಾಕಲಾಗದು. ಆಂಟನಿಯೊಡನೆ ಆಕ್ಟೇವಿಯನ್ನನ ವೈರ ಬಲಿಯುತ್ತಿದ್ದ ವರ್ಷವದು. ಜನರ ಒಲವು ಗಳಿಸುವ ಉದ್ದೇಶ ಇದರಲ್ಲಿ ಸ್ಪಷ್ಟವಾಗಿದೆ. ಹೂಳೆತ್ತಿದ ಮೇಲೆ ಒಳಗೆ ಹೋಗಿ ನೋಡುವುದು ಸರಿಯಾದ ಕ್ರಮವೂ ಹೌದು.

ಪ್ಲಿನಿಯ ಹೊಗಳಿಕೆಯನ್ನು ನಿಧಾನವಾಗಿ ಓದಿದರೆ ಅದು ಹಾನಿಯ ಕಾರಣಗಳ ಪಟ್ಟಿಯಂತಿದೆ. ಮಳೆಗಾಲದ ರಭಸ ತಳವನ್ನೂ ಗೋಡೆಗಳನ್ನೂ ಬಡಿಯುತ್ತದೆ, ಟೈಬರ್ ಉಕ್ಕಿದಾಗ ನೀರು ಹಿಮ್ಮುಖವಾಗಿ ನುಗ್ಗುತ್ತದೆ, ಮೇಲಿನ ಬೀದಿಯಲ್ಲಿ ಭಾರವಾದ ಕಲ್ಲುಗಳನ್ನು ಎಳೆಯುತ್ತಾರೆ, ಕಟ್ಟಡಗಳು ಕುಸಿದು ಬೀಳುತ್ತವೆ, ಭೂಮಿ ನಡುಗುತ್ತದೆ. ಇಷ್ಟಾದರೂ 700 ವರ್ಷ ನಿಂತಿವೆ ಎಂಬುದು ಅವನ ಬೆರಗು. ಅದೇ ಭಾಗದ ಆರಂಭದಲ್ಲಿ ಬರುವ ಪ್ರಸಂಗವೊಂದು ನನಗೆ ಅಗ್ರಿಪ್ಪನ ದೋಣಿಗಿಂತ ಮುಖ್ಯವೆನಿಸುತ್ತದೆ. ಸಿರಿವಂತ ಸ್ಕಾರಸ್ 38 ಅಡಿ ಎತ್ತರದ ಅಮೃತಶಿಲೆಯ ಕಂಬಗಳನ್ನು ಪ್ಯಾಲಟೈನ್ ಗುಡ್ಡದ ತನ್ನ ಮನೆಗೆ ಸಾಗಿಸುವಾಗ, ಚರಂಡಿಗಳ ಗುತ್ತಿಗೆದಾರ ಮುಂದಾಗಬಹುದಾದ ಹಾನಿಗೆ ಜಾಮೀನು ಬರೆಸಿಕೊಂಡನಂತೆ. ಕಮಾನು ಎಷ್ಟು ಭಾರ ತಾಳೀತೆಂಬ ಅಂದಾಜಿದ್ದವನು ಮಾತ್ರ ಇಂಥ ಪಟ್ಟು ಹಿಡಿಯಬಲ್ಲ. ಪ್ಲಿನಿ ಅವನ ಹೆಸರನ್ನು ಹೇಳುವುದಿಲ್ಲ.

ಒಳಗಿಳಿದು ಕೆಲಸ ಮಾಡಿದವರ ವಿಷಯದಲ್ಲಿ ಮೌನ ಇನ್ನೂ ಗಾಢ. ಕಿರಿಯ ಪ್ಲಿನಿ ಬಿಥಿನಿಯದಿಂದ ಬರೆದ ಪತ್ರಕ್ಕೆ ಉತ್ತರಿಸುತ್ತ ಟ್ರೇಜನ್ ಚಕ್ರವರ್ತಿ, ಶಿಕ್ಷೆಗೊಳಗಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮುದುಕರನ್ನು ಸ್ನಾನಗೃಹ, ಚರಂಡಿಗಳ ಕೆಲಸಕ್ಕೆ ಹಚ್ಚುವಂತೆ ಸೂಚಿಸುತ್ತಾನೆ. ಆ ಮುದುಕರಿಗೆ ಸಂಬಂಧಿಸಿದಂತೆ ಸಾಹಿತ್ಯದಲ್ಲಿ ಇರುವುದು ತೀರ ಕಡಿಮೆ.

ಕ್ರಿ.ಶ. 510ರ ಸುಮಾರಿಗೆ ಇಟಲಿಯನ್ನು ಆಳುತ್ತಿದ್ದ ಗಾಥ್ ದೊರೆ ಥಿಯೋಡೊರಿಕನ ಪರವಾಗಿ ಕ್ಯಾಸಿಯೊಡೋರಸ್ ನಗರಾಧಿಪತಿ ಆರ್ಗೋಲಿಕಸ್‌ಗೆ ಬರೆದ ಪತ್ರವೊಂದು ಉಳಿದಿದೆ. ಚರಂಡಿಗಳನ್ನು ಶುಚಿಗೊಳಿಸಿ ದುರಸ್ತಿ ಮಾಡಿಸಲು ಯೋಹಾನ್ ಎಂಬಾತನನ್ನು ಕಳುಹಿಸಲಾಗಿದೆ, ಅವನಿಗೆ ಸಹಕರಿಸಬೇಕು ಎಂಬುದು ಅದರ ಸಾರ. ಪತ್ರದ ಬಹುಭಾಗ ಆ ನಿರ್ಮಾಣದ ಹೊಗಳಿಕೆ. ಯೋಹಾನ್ ಕೆಳಗೆ ಕಂಡದ್ದೇನು ಎಂಬುದರ ವರದಿ ಉಳಿದುಬಂದಿಲ್ಲ. ಮಹಾಚರಂಡಿಯ ಕೆಲವು ಭಾಗಗಳಲ್ಲಿ ಮಳೆನೀರು ಇಂದಿಗೂ ಹರಿಯುತ್ತದೆ. ಪೊಂಟೆ ರೊಟ್ಟೊ ಎಂಬ ಮುರಿದ ಸೇತುವೆಯ ಬಳಿ ಟೈಬರ್ ದಂಡೆಯಲ್ಲಿ ಅದರ ಕಮಾನು ಬಾಯಿಯನ್ನು ಕಾಣಬಹುದು.