ವಿಯೆನ್ನಾದ ಬಾವಲಿ

ನನ್ನ ಬಳಿ ಇತಿಹಾಸ ಕಲಿತವರು ತರಗತಿಯಲ್ಲಿ ವಿಯೆನ್ನಾ ಎಂಬ ಹೆಸರನ್ನು ಎರಡು ಸಲ ಮಾತ್ರ ಕೇಳಿರುತ್ತಾರೆ. ಮೊದಲನೆಯದು 1815ರ ವಿಯೆನ್ನಾ ಸಮ್ಮೇಳನ. ನೆಪೋಲಿಯನ್ನನ ತರುವಾಯ ಅರಸರೂ ಮಂತ್ರಿಗಳೂ ಸೇರಿ ಯೂರೋಪಿನ ಭೂಪಟವನ್ನು ಮತ್ತೆ ಬರೆದ ಸಂದರ್ಭ. ಎರಡನೆಯದು 1914, ಆಸ್ಟ್ರಿಯದ ಯುವರಾಜನ ಹತ್ಯೆ, ಅದರ ಬೆನ್ನಿಗೇ ಮಹಾಯುದ್ಧ. ಈ ಎರಡು ಇಸವಿಗಳ ನಡುವಿನ ತೊಂಬತ್ತೊಂಬತ್ತು ವರ್ಷಗಳಲ್ಲಿ ಆ ಊರಿನ ಜನ ಏನು ಉಂಡರು, ಎಂಥ ಕುರ್ಚಿಯ ಮೇಲೆ ಕುಳಿತರು, ಯಾವುದಕ್ಕೆ ನಕ್ಕರು ಎಂಬುದಕ್ಕೆ ಪಠ್ಯಪುಸ್ತಕದಲ್ಲಿ ಸ್ಥಳವಿರಲಿಲ್ಲ. ಪರೀಕ್ಷೆಗೆ ಬಾರದ ಆ ಪಾಠವನ್ನು ಈಗ ಬಿಡುವಾಗಿ ಹೇಳಲು ಕುಳಿತಿದ್ದೇನೆ. ಗಂಟೆ ಬಾರಿಸುವವರಿಲ್ಲವಾದ್ದರಿಂದ ತುಸು ಸಾವಧಾನದಿಂದಲೇ ಓದಿರಿ.

1910ರ ಜನಗಣತಿಯಂತೆ ವಿಯೆನ್ನಾದ ಜನಸಂಖ್ಯೆ ಇಪ್ಪತ್ತು ಲಕ್ಷವನ್ನು ದಾಟಿತ್ತು. ಹತ್ತಾರು ಭಾಷೆಗಳ ಸಾಮ್ರಾಜ್ಯವೊಂದರ ರಾಜಧಾನಿ ಅದು. ಜೆಕ್ಕರು, ಹಂಗೇರಿಯವರು, ಪೋಲರು, ಯೆಹೂದ್ಯರು, ಕ್ರೊವಾಟರು ಹೊಟ್ಟೆಪಾಡಿಗಾಗಿ ಅಲ್ಲಿಗೆ ಬಂದರು. ಬರುವಾಗ ತಮ್ಮ ಅಡುಗೆಯನ್ನೂ ತಂದರು. ವಿಯೆನ್ನಾದ ಊಟವೆಂದು ಇಂದು ಹೆಸರಾದುದರಲ್ಲಿ ಗೂಲಾಷ್ ಹಂಗೇರಿಯದು. ಹಿಟ್ಟಿನ ಕಡುಬುಗಳೂ ಅನೇಕ ಸಿಹಿಗಳೂ ಬೊಹೀಮಿಯದ ಅಡುಗೆಯ ಹೆಂಗಸರ ಕೈಗುಣ. ಸೇಬಿನ ಸ್ಟ್ರೂಡೆಲ್ ಮಾಡುವಾಗ ಹಿಟ್ಟನ್ನು ಎಷ್ಟು ತೆಳುವಾಗಿ ಎಳೆಯಬೇಕೆಂದರೆ, ಅದರ ಕೆಳಗೆ ವೃತ್ತಪತ್ರಿಕೆಯನ್ನಿಟ್ಟರೆ ಅಕ್ಷರಗಳನ್ನು ಓದುವಂತಿರಬೇಕು ಎಂಬುದು ಅಲ್ಲಿನ ಗೃಹಿಣಿಯರ ಮಾತು. ಬೆಳಗಾವಿಯ ಕಡೆಯ ಮದುವೆಮನೆಗಳಲ್ಲಿ ಮಂಡಿಗೆಯನ್ನು ಕೈಮೇಲೆ ಬೀಸಿ ಹರಡುವುದನ್ನು ಕಂಡವರಿಗೆ ಈ ವಿದ್ಯೆಯ ಕಷ್ಟ ಹೇಳಿಕೊಡಬೇಕಾಗಿಲ್ಲ.

ಕಾಫಿಗೃಹಗಳ ಕಥೆ ಇನ್ನೂ ಹಳೆಯದು. 1685ರಲ್ಲಿ ಯೋಹಾನೆಸ್ ದಿಯೋದಾತೊ ಎಂಬ ಆರ್ಮೀನಿಯದ ವ್ಯಾಪಾರಿಗೆ ಅಲ್ಲಿ ಕಾಫಿ ಮಾರುವ ಅಪ್ಪಣೆ ದೊರೆಯಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಕಾಫಿಗೃಹವೆಂಬುದು ಬಡ ಲೇಖಕನ ಓದುವ ಕೋಣೆ, ಅಂಚೆಯ ವಿಳಾಸ, ಚಳಿಗಾಲದ ಆಶ್ರಯ ಎಲ್ಲವೂ ಆಗಿತ್ತು. ಒಂದು ಲೋಟ ಕಾಫಿ ತರಿಸಿಕೊಂಡರೆ ಜೊತೆಗೆ ಒಂದು ಲೋಟ ನೀರು, ಓದಲು ದಿನಪತ್ರಿಕೆಗಳು, ಎಷ್ಟು ಹೊತ್ತು ಕುಳಿತರೂ ಏಳಿರೆನ್ನದ ಮಾಣಿ. ಪೀಟರ್ ಆಲ್ಟೆನ್‌ಬರ್ಗ್ ಎಂಬ ಬರಹಗಾರ 1876ರಲ್ಲಿ ಆರಂಭವಾದ ಕಫೆ ಸೆಂಟ್ರಾಲನ್ನೇ ತನ್ನ ವಿಳಾಸವಾಗಿ ಕೊಡುತ್ತಿದ್ದ.

ಇಂಥ ಊರಿನಲ್ಲಿ 1897ರಲ್ಲಿ ಕಲಾವಿದರ ಒಂದು ಗುಂಪು ಹಳೆಯ ಕಲಾಸಂಘದಿಂದ ಹೊರಬಂದು 'ಸೆಸೆಷನ್' ಎಂಬ ಹೊಸ ಬಳಗವನ್ನು ಕಟ್ಟಿತು. ಚಿತ್ರಕಾರ ಗುಸ್ಟಾವ್ ಕ್ಲಿಮ್ಟ್ ಅದರ ಮೊದಲ ಅಧ್ಯಕ್ಷ. ಮರುವರ್ಷ ಯೋಸೆಫ್ ಮರಿಯಾ ಓಲ್ಬ್ರಿಖ್ ಅವರಿಗೊಂದು ಪ್ರದರ್ಶನ ಮಂದಿರವನ್ನು ಕಟ್ಟಿದ. ಅದರ ನೆತ್ತಿಯ ಮೇಲೆ ಚಿನ್ನದ ಬಣ್ಣದ ಎಲೆಗಳ ಗೋಲವೊಂದಿದೆ. ಊರಿನ ಕುಹಕಿಗಳು ಅದನ್ನು 'ಚಿನ್ನದ ಎಲೆಕೋಸು' ಎಂದು ಕರೆದರು. ಹೆಸರು ಇಂದಿಗೂ ಉಳಿದಿದೆ.

ಈ ಬಳಗದ ಯೋಸೆಫ್ ಹಾಫ್ಮನ್ ಮತ್ತು ಕೊಲೊಮನ್ ಮೋಸರ್ 1903ರಲ್ಲಿ ಫ್ರಿಟ್ಸ್ ವೆರ್ನ್‌ಡಾರ್ಫರ್ ಎಂಬ ಧನಿಕನ ಹಣದಿಂದ 'ವಿಯೆನ್ನಾ ಕಾರ್ಯಾಗಾರ'ವನ್ನು ಸ್ಥಾಪಿಸಿದರು. ಕಾರ್ಖಾನೆಯ ಅಗ್ಗದ ಮಾಲಿಗೆ ಎದುರಾಗಿ ಚಮಚ, ಹೂದಾನಿ, ಕುರ್ಚಿ, ಬಟ್ಟೆ ಎಲ್ಲವನ್ನೂ ಕೈಯಿಂದ, ಅಂದವಾಗಿ ಮಾಡಬೇಕೆಂಬುದು ಅವರ ಸಂಕಲ್ಪ. ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿ ಒಂದಿದೆ. ಅವರ ಬೆಳ್ಳಿಯ ಪಾತ್ರೆಗಳ ಮೇಲೆ ವಿನ್ಯಾಸಕಾರನ ಗುರುತಿನ ಜೊತೆಗೆ, ಅದನ್ನು ತಟ್ಟಿ ಮಾಡಿದ ಕುಶಲಕರ್ಮಿಯ ಗುರುತನ್ನೂ ಒತ್ತುತ್ತಿದ್ದರು. ನಮ್ಮ ಮಹಾದೇವಾಲಯಗಳನ್ನು ಅರಸರ ಹೆಸರಿನಲ್ಲಿ ಉರುಹೊಡೆಸಿದ ನನಗೆ, ಹೊಯ್ಸಳ ಶಿಲ್ಪಗಳ ಪೀಠದಲ್ಲಿ ತನ್ನ ಹೆಸರನ್ನು ಕೆತ್ತಿಹೋದ ಮಲ್ಲಿತಮ್ಮ ಆಗ ನೆನಪಾದ. ದುಡಿದ ಕೈಗೂ ಹೆಸರುಂಟೆಂದು ಒಪ್ಪಿಕೊಳ್ಳುವುದು ಸಣ್ಣ ಸಂಗತಿಯೇನಲ್ಲ.

ಇನ್ನು ಶೀರ್ಷಿಕೆಯ ಬಾವಲಿಗೆ ಬರೋಣ. ಕ್ಯಾಬರೆ ಎಂದೊಡನೆ ನಮ್ಮವರಿಗೆ ಹಳೆಯ ಸಿನಿಮಾಗಳ ಹೋಟೆಲಿನ ಕುಣಿತ ನೆನಪಾಗುತ್ತದೆ. 1881ರಲ್ಲಿ ಪ್ಯಾರಿಸ್ಸಿನ 'ಕಪ್ಪು ಬೆಕ್ಕು' ಎಂಬಲ್ಲಿ ತಲೆಯೆತ್ತಿದ ಕ್ಯಾಬರೆ ಬೇರೆಯೇ ಬಗೆಯದು. ಕವಿಗಳು, ಹಾಡುಗಾರರು, ಚಿತ್ರಕಾರರು ಒಂದೆಡೆ ಸೇರಿ, ತಿನ್ನುತ್ತ ಕುಡಿಯುತ್ತ ಕುಳಿತವರೆದುರು ಸಣ್ಣಪುಟ್ಟ ಪ್ರಹಸನ, ಹಾಡು, ನೆರಳಿನಾಟಗಳನ್ನು ಆಡುವ ತಾಣವದು. ವಿಯೆನ್ನಾ ಕಾರ್ಯಾಗಾರದವರು 1907ರ ಅಕ್ಟೋಬರಿನಲ್ಲಿ ಕೆರ್ಂಟ್ನರ್ ಬೀದಿಯ ಮೂಲೆಯ ನೆಲಮಾಳಿಗೆಯೊಂದರಲ್ಲಿ ಅಂಥದೇ ತಾಣವನ್ನು ತೆರೆದರು. ಹೆಸರು 'ಫ್ಲೇಡರ್‌ಮೌಸ್', ಅಂದರೆ ಬಾವಲಿ. ಪಾನಗೃಹದ ಗೋಡೆಗಳಿಗೆ ಬೆರ್ಟೋಲ್ಡ್ ಲೆಫ್ಲರ್ ಮತ್ತು ಮಿಖಾಯೆಲ್ ಪೊವೊಲ್ನಿ ಏಳು ಸಾವಿರಕ್ಕೂ ಹೆಚ್ಚು ಬಣ್ಣಬಣ್ಣದ ಹೆಂಚುಬಿಲ್ಲೆಗಳನ್ನು ಕೂಡಿಸಿದ್ದರು. ಒಳಗೆ ಸುಮಾರು ಮುನ್ನೂರು ಜನ ಕೂರಬಹುದಾದ ರಂಗಮಂದಿರ. ಕುರ್ಚಿ, ಮೇಜು, ದೀಪ, ಚಮಚ, ತಿಂಡಿಯ ಪಟ್ಟಿ, ಟಿಕೆಟು, ಬೂದಿಬಟ್ಟಲು ಎಲ್ಲವೂ ಒಂದೇ ಕಲ್ಪನೆಯಿಂದ ಮೂಡಿದವು. ಹಾಫ್ಮನ್ ರಚಿಸಿದ, ಕಾಲಿನ ಸಂದಿಯಲ್ಲಿ ಪುಟ್ಟ ಗುಂಡುಗಳಿರುವ ಆ ಕುರ್ಚಿ ಇಂದಿಗೂ 'ಫ್ಲೇಡರ್‌ಮೌಸ್ ಕುರ್ಚಿ' ಎಂದೇ ಪ್ರಸಿದ್ಧ.

ಅಲ್ಲಿ ಇಪ್ಪತ್ತೊಂದು ವರ್ಷದ ಒಸ್ಕಾರ್ ಕೊಕೊಷ್ಕಾ ಬೊಂಬೆಗಳ ನೆರಳಿನಾಟವೊಂದನ್ನು ತೋರಿಸಿದ. 1908ರ ಜನವರಿಯಲ್ಲಿ ವೀಸೆಂಥಾಲ್ ಸೋದರಿಯರು ರಾಜಾಶ್ರಯದ ಬ್ಯಾಲೆಯ ಕಟ್ಟುಪಾಡುಗಳನ್ನು ಬಿಟ್ಟು ತಮ್ಮದೇ ರೀತಿಯ ನೃತ್ಯವನ್ನು ಮಾಡಿದರು. ಆದರೆ ಮೇಷ್ಟರಾದ ನನಗೆ ಅತ್ಯಂತ ಪ್ರಿಯವಾದುದು ಅದೇ ವರ್ಷ ಎಗಾನ್ ಫ್ರೀಡೆಲ್ ಮತ್ತು ಆಲ್ಫ್ರೆಡ್ ಪೋಲ್ಗರ್ ಬರೆದ 'ಪರೀಕ್ಷೆಯಲ್ಲಿ ಗಯಟೆ' ಎಂಬ ಪ್ರಹಸನ. ಗಯಟೆಯ ವಿಷಯದಲ್ಲಿ ಪರೀಕ್ಷೆ ಬರೆಯಬೇಕಾದ ಹುಡುಗನೊಬ್ಬ ಕಂಗಾಲಾಗಿದ್ದಾನೆ. ಮಹಾಕವಿ ಗಯಟೆಯೇ ಪ್ರತ್ಯಕ್ಷನಾಗಿ ಅವನ ಬದಲು ಪರೀಕ್ಷೆಗೆ ಕೂರುತ್ತಾನೆ. ಯಾವ ಊರಿಗೆ ಯಾವ ತಾರೀಖಿನಂದು ಹೋದದ್ದು, ಯಾವ ಕೃತಿ ಯಾವಾಗ ಮುಗಿದದ್ದು ಎಂದು ಪ್ರಾಧ್ಯಾಪಕರು ಕೇಳಿದರೆ, ಪಾಪ, ತನ್ನದೇ ಬಾಳಿನ ಆ ವಿವರಗಳು ಕವಿಗೆ ನೆನಪಿಲ್ಲ! ಗಯಟೆ ನಪಾಸಾಗುತ್ತಾನೆ, ಉರುಹೊಡೆದ ಇನ್ನೊಬ್ಬ ವಿದ್ಯಾರ್ಥಿ ಪಟಪಟನೆ ಉತ್ತರ ಹೇಳಿ ಮೆಚ್ಚುಗೆ ಗಳಿಸುತ್ತಾನೆ. ಗಯಟೆಯ ಪಾತ್ರವನ್ನು ಫ್ರೀಡೆಲನೇ ವಹಿಸುತ್ತಿದ್ದ. ಈ ಕಥೆಯನ್ನು ಓದಿ ನಗದ ಉಪಾಧ್ಯಾಯನಿರಲಾರ. ನಕ್ಕ ಮೇಲೆ ತಾನು ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಗಳನ್ನು ನೆನೆಯದವನೂ ಇರಲಾರ.

ಆ 1908ರ ಬೇಸಿಗೆಯಲ್ಲೇ ಕ್ಲಿಮ್ಟ್ ಬಳಗದವರು 'ಕುನ್‌ಸ್ಟ್‌ಷೌ' ಎಂಬ ಮಹಾಪ್ರದರ್ಶನವನ್ನು ಏರ್ಪಡಿಸಿದರು. ಚಿತ್ರ, ಶಿಲ್ಪಗಳಷ್ಟೇ ಅಲ್ಲದೆ ಭಿತ್ತಿಪತ್ರ, ಮಕ್ಕಳ ಕಲೆ, ಪೀಠೋಪಕರಣ, ಪುಟ್ಟದೊಂದು ಮಾದರಿ ಮನೆ, ಜೊತೆಗೊಂದು ಕಾಫಿಗೃಹ ಎಲ್ಲವೂ ಅಲ್ಲಿದ್ದವು. ಕ್ಲಿಮ್ಟನ ಜಗತ್ಪ್ರಸಿದ್ಧ 'ಚುಂಬನ' ಮೊದಲು ಜನರ ಕಣ್ಣಿಗೆ ಬಿದ್ದುದು ಅಲ್ಲಿಯೇ.

ಇಷ್ಟೇ ಹೇಳಿ ನಿಲ್ಲಿಸಿದರೆ ಅದು ಇತಿಹಾಸವಾಗುವುದಿಲ್ಲ, ಪ್ರವಾಸದ ಜಾಹೀರಾತಾಗುತ್ತದೆ. ಈ ಸೊಗಸಿನ ಊರನ್ನು ಕಟ್ಟಿದ ಇಟ್ಟಿಗೆಗಳನ್ನು ಸುಟ್ಟವರು ಊರ ದಕ್ಷಿಣದ ವೀನರ್‌ಬರ್ಗ್ ಗುಡ್ಡದ ಬಡ ಜೆಕ್ ಕೂಲಿಗಳು. ವಿಕ್ಟರ್ ಆಡ್ಲರ್ ಎಂಬ ವೈದ್ಯ 1888ರಲ್ಲಿ ಗುಟ್ಟಾಗಿ ಅಲ್ಲಿಗೆ ಹೋಗಿ ಕಂಡುದನ್ನು ಪತ್ರಿಕೆಯಲ್ಲಿ ಬರೆದ. ಅವರಿಗೆ ಕೂಲಿಯಾಗಿ ಸಿಗುತ್ತಿದ್ದುದು ತಗಡಿನ ಬಿಲ್ಲೆಗಳು. ಅವು ಕಂಪನಿಯ ಆವರಣದ ಅಂಗಡಿಗಳಲ್ಲಿ ಮಾತ್ರ ಚಲಾವಣೆಯಾಗುತ್ತಿದ್ದವು. ಹಾಫ್ಮನ್ನನ ಚಮಚವನ್ನು ಕೊಳ್ಳುವ ಶಕ್ತಿ ಅಂಥವರಿಗೆಲ್ಲಿಂದ ಬರಬೇಕು? ಕೈಗೆಲಸದ ಬೆಲೆ ಹೆಚ್ಚು, ಕೊಳ್ಳುವವರು ಕಡಿಮೆ. ಕಾರ್ಯಾಗಾರ ಸದಾ ನಷ್ಟದಲ್ಲೇ ನಡೆಯಿತು. ವೆರ್ನ್‌ಡಾರ್ಫರ್ ಆಸ್ತಿ ಕಳೆದುಕೊಂಡು 1914ರಲ್ಲಿ ಅಮೆರಿಕಕ್ಕೆ ಹೊರಟುಹೋದ. ಬಾವಲಿಯ ಬಾಗಿಲು ಅದಕ್ಕೂ ಮೊದಲೇ, 1913ರಲ್ಲಿ ಮುಚ್ಚಿತು. ಕಾರ್ಯಾಗಾರ 1932ರವರೆಗೆ ಹೇಗೋ ಉಸಿರು ಹಿಡಿದಿತ್ತು.

ಆದರೂ ನಗು ಬೇರೆ ನೆಲಮಾಳಿಗೆಗಳಲ್ಲಿ ಮುಂದುವರಿಯಿತು. 1912ರಲ್ಲಿ ಆರಂಭವಾದ 'ಸಿಂಪ್ಲ್' ಎಂಬ ಕ್ಯಾಬರೆಯಲ್ಲಿ ಫ್ರಿಟ್ಸ್ ಗ್ರೂನ್‌ಬೌಮ್ ಹೆಸರಾಂತ ಹಾಸ್ಯಗಾರ. ಒಮ್ಮೆ ದೀಪ ಆರಿ ರಂಗ ಕತ್ತಲಾದಾಗ, ತನಗೇನೂ ಕಾಣಿಸುತ್ತಿಲ್ಲ, ಪ್ರಾಯಶಃ ನಾಟ್ಸಿ ಸಂಸ್ಕೃತಿಯೊಳಗೆ ಕಾಲಿಟ್ಟಿರಬೇಕು ಎಂದನೆಂದು ಹೇಳುತ್ತಾರೆ. 1938ರ ಮಾರ್ಚ್ 12ರಂದು ಹಿಟ್ಲರನ ಸೇನೆ ಆಸ್ಟ್ರಿಯವನ್ನು ಹೊಕ್ಕಿತು. ನಾಲ್ಕು ದಿನಗಳ ತರುವಾಯ ಎಗಾನ್ ಫ್ರೀಡೆಲನ ಮನೆಯ ಬಾಗಿಲಿಗೆ ನಾಟ್ಸಿ ಪಡೆಯವರು ಬಂದರು. ಆತ ಅಷ್ಟರಲ್ಲಿ ಆಧುನಿಕ ಯುಗದ ಸಾಂಸ್ಕೃತಿಕ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದ ವಿದ್ವಾಂಸ. ಅವರ ಕೈಗೆ ಸಿಗಲೊಪ್ಪದೆ ಕಿಟಕಿಯಿಂದ ಕೆಳಗೆ ಹಾರಿ ಪ್ರಾಣಬಿಟ್ಟ. ಹಾರುವ ಮುನ್ನ, ಬೀದಿಯಲ್ಲಿದ್ದವರಿಗೆ ಪೆಟ್ಟಾಗದಿರಲೆಂದು ಸರಿಯಿರೆಂದು ಕೂಗಿ ಎಚ್ಚರಿಸಿದನಂತೆ. ಪೋಲ್ಗರ್ ದೇಶಾಂತರ ಹೋಗಿ ಉಳಿದ. ಗ್ರೂನ್‌ಬೌಮ್ 1941ರ ಜನವರಿಯಲ್ಲಿ ದಾಖೌ ಸೆರೆಶಿಬಿರದಲ್ಲಿ ಸತ್ತ. ಗಯಟೆಯನ್ನು ನಪಾಸು ಮಾಡಿ ಒಂದು ಊರನ್ನೇ ನಗಿಸಿದ ಮನುಷ್ಯನಿಗೆ ಆ ಊರು ಕೊಟ್ಟ ಬೀಳ್ಕೊಡುಗೆ ಇದು. ಒಳ್ಳೆಯ ಅಭಿರುಚಿಯೊಂದರಿಂದಲೇ ಸಮಾಜ ಸಜ್ಜನವಾಗುತ್ತದೆಂದು ನಂಬುವವರು ಈ ಪುಟವನ್ನು ಮತ್ತೊಮ್ಮೆ ಓದಬೇಕು.

2015ರ ಶರತ್ಕಾಲದಲ್ಲಿ ಮಗಳು, ಅಳಿಯಂದಿರ ಜೊತೆ ನಾಲ್ಕು ದಿನ ವಿಯೆನ್ನಾದಲ್ಲಿದ್ದೆ. ಅಲ್ಲಿ 2007ರಿಂದ ನಡೆದುಬಂದ 'ವಿಯೆನ್ನಾ ವಿನ್ಯಾಸ ಸಪ್ತಾಹ' ಆಗ ನಡೆಯುತ್ತಿತ್ತು. ಯುವ ವಿನ್ಯಾಸಕಾರರನ್ನು ಹಳೆಯ ಕಸುಬುದಾರರೊಡನೆ ಜೊತೆಗೂಡಿಸಿ, ಅವರ ಅಂಗಡಿ, ಕಾರ್ಯಾಗಾರಗಳಲ್ಲೇ ಹೊಸ ವಸ್ತುಗಳನ್ನು ತೋರಿಸುವುದು ಅದರ ಒಂದು ಪದ್ಧತಿ. ಸೆಸೆಷನ್ ಮಂದಿರದಲ್ಲಿ ಕ್ಲಿಮ್ಟನ ಮೂವತ್ತನಾಲ್ಕು ಮೀಟರು ಉದ್ದದ ಬೀಥೋವನ್ ಭಿತ್ತಿಚಿತ್ರವನ್ನು ಕಣ್ತುಂಬ ನೋಡಿದೆವು. ಕಫೆ ಸೆಂಟ್ರಾಲಿನ ಬಾಗಿಲ ಬಳಿ ಆಲ್ಟೆನ್‌ಬರ್ಗನ ಆಳೆತ್ತರದ ಬೊಂಬೆ ಕುಳಿತಿತ್ತು. ಸಾಖರ್ ಕೇಕಿನ ನಡುವೆ ಏಪ್ರಿಕಾಟ್ ಜಾಮಿನ ಪದರವಿರಬೇಕೆ ಬೇಡವೆ ಎಂಬುದು ಸೇರಿದಂತೆ, ಆ ಕೇಕಿನ ಹಕ್ಕಿಗಾಗಿ ಸಾಖರ್ ಹೋಟೆಲಿಗೂ ಡೆಮೆಲ್ ಮಿಠಾಯಿ ಅಂಗಡಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆದು 1963ರಲ್ಲಿ ರಾಜಿಯಾಯಿತೆಂದು ತಿಳಿದಾಗ ಅಳಿಯಂದಿರು, "ಮಾವ, ಸಾಮ್ರಾಜ್ಯ ಹೋದರೂ ಜಾಮಿನ ಜಗಳ ಉಳಿಯಿತಲ್ಲ!" ಎಂದರು. ಸಸ್ಯಾಹಾರಿಗಳಾದ ನಮಗೆ ಸ್ಟ್ರೂಡೆಲೇ ದಿನವೂ ಕೈಹಿಡಿದು ಕಾಪಾಡಿತು.

ಬಾವಲಿಯ ಬಣ್ಣದ ಗೋಡೆ ಮೂಲರೂಪದಲ್ಲಿ ಉಳಿಯಲಿಲ್ಲ. 2019ರಲ್ಲಿ ಲಂಡನ್ನಿನ ಬಾರ್ಬಿಕನ್ ಕೇಂದ್ರದಲ್ಲಿ ಕ್ಯಾಬರೆಗಳ ಚರಿತ್ರೆಯನ್ನು ಕುರಿತ ಪ್ರದರ್ಶನಕ್ಕಾಗಿ ಅದನ್ನು ಬಿಲ್ಲೆ ಬಿಲ್ಲೆಯಾಗಿ ಹೊಸದಾಗಿ ಕಟ್ಟಿದರು. ಮುಂದೆ ಅದು ವಿಯೆನ್ನಾದಲ್ಲೂ ಪ್ರದರ್ಶಿತವಾಯಿತು. ಹೆಂಚುಬಿಲ್ಲೆಗಳನ್ನು ಮತ್ತೆ ಸುಡಬಹುದು, ಕುರ್ಚಿಯನ್ನು ಮತ್ತೆ ಮಾಡಬಹುದು. ಆದರೆ ಆ ನೆಲಮಾಳಿಗೆಯ ಜೀವವಿದ್ದುದು ಬೇರೆ ಬೇರೆ ಭಾಷೆ, ಮತಗಳ ಜನ ಒಂದೇ ಸೂರಿನಡಿ ಕುಳಿತು, ದೊಡ್ಡವರನ್ನೂ ತಮ್ಮನ್ನೂ ನೋಡಿ ನಗಬಲ್ಲ ಸಲುಗೆಯಲ್ಲಿ. ಅದನ್ನು ಅಚ್ಚಿನಲ್ಲಿ ಹಾಕಿ ತೆಗೆಯಲು ಬರುವುದಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ದೊಡ್ಡ ದೊಡ್ಡ ಊರುಗಳಲ್ಲಿದ್ದೀರಿ. ಬಿಡುವಾದಾಗ ಪ್ರದರ್ಶನಗಳಿಗೆ ಹೋಗಿರಿ, ನಾಟಕ ನೋಡಿರಿ, ಒಳ್ಳೆಯ ಊಟ ಮಾಡಿರಿ. ಸಂತೋಷಪಡುವುದಕ್ಕೆ ಸಂಕೋಚ ಬೇಡ. ಜೊತೆಗೆ, ಎದುರಿಗಿರುವ ಬಟ್ಟಲನ್ನು ಮಾಡಿದ ಕೈ ಯಾರದೆಂದು ಒಮ್ಮೆ ವಿಚಾರಿಸಿರಿ. ಪಕ್ಕದ ಮೇಜಿನಲ್ಲಿ ನಿನ್ನೆಯವರೆಗೆ ಕುಳಿತಿದ್ದವನು ಇಂದೇಕೆ ಬಂದಿಲ್ಲವೆಂದೂ ಕೇಳಿರಿ. ಪರೀಕ್ಷೆಯಲ್ಲಿ ನಾನೆಂದೂ ಕೇಳದಿದ್ದ ಪ್ರಶ್ನೆಗಳಿವು.