0.440 ಎಂಬ ಲೆಕ್ಕದ ಹಿಂದೆ

ಸರಾಸರಿ ಪಾಠ ಬಂದಾಗ ನಾವು ಕ್ರಿಕೆಟ್ ಅಂಕಿಗಳನ್ನೇ ಉದಾಹರಣೆ ಕೊಡುವುದು ರೂಢಿ. ಈ ಸಲ ಅಮೆರಿಕದ ಬೇಸ್‌ಬಾಲ್ ತೆಗೆದುಕೊಂಡೆವು. "ಸರ್, ಒಂದಕ್ಕಿಂತ ಕಡಿಮೆ ಸರಾಸರಿಯೇ?" ಎಂದು ಮಕ್ಕಳು ನಕ್ಕರು. ಆದರೆ ಆ ದಶಮಾಂಶದಲ್ಲಿ ಒಂದು ಚರಿತ್ರೆಯೇ ಅಡಗಿದೆ.

ಕ್ರಿಕೆಟಿನಲ್ಲಿ ರನ್ನುಗಳನ್ನು ಔಟಾದ ಸಂಖ್ಯೆಯಿಂದ ಭಾಗಿಸುತ್ತೇವೆ. ಬೇಸ್‌ಬಾಲಿನಲ್ಲಿ ತನ್ನ ಹೊಡೆತದ ಬಲದಿಂದಲೇ ಬೇಸ್ ಮುಟ್ಟಿದರೆ ಅದು 'ಹಿಟ್'. ಹಿಟ್‌ಗಳನ್ನು ಬ್ಯಾಟಿಂಗ್ ಸರದಿಗಳಿಂದ ಭಾಗಿಸಬೇಕು. 0.300 ಬಂದರೆ ಒಳ್ಳೆಯ ಆಟಗಾರ. ಈ ಅಂಕಿ ಅಂಶಗಳ ಪದ್ಧತಿಯನ್ನು ಬೆಳೆಸಿದವರಲ್ಲಿ ಪ್ರಮುಖರು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಅವರು ಕ್ರಿಕೆಟ್ ವರದಿಗಾರರೂ ಆಗಿದ್ದರು.

1876ರಲ್ಲಿ ನ್ಯಾಷನಲ್ ಲೀಗ್ ಆರಂಭವಾಯಿತು. ಮೊದಲ ವರ್ಷವೇ ಶಿಕಾಗೋದ ರಾಸ್ ಬಾರ್ನ್ಸ್ 0.429 ಗಳಿಸಿದರು. ಚೆಂಡು ಮೊದಲು ಗೆರೆಯೊಳಗೆ ಬಿದ್ದು ಆಮೇಲೆ ಹೊರಗೆ ಉರುಳಿದರೂ ಆಗ ಅದು ಸರಿಯಾದ ಹೊಡೆತ. ಬಾರ್ನ್ಸ್ ಅದರಲ್ಲಿ ನಿಪುಣರು. 1877ರಲ್ಲಿ ಆ ನಿಯಮ ಹೋಯಿತು. ಅದೇ ವರ್ಷ ಅವರಿಗೆ ಕಾಯಿಲೆಯೂ ಬಂತು. ಸರಾಸರಿ 0.272ಕ್ಕೆ ಇಳಿಯಿತು.

1887ರ ಕಥೆ ಇನ್ನೂ ವಿಚಿತ್ರ. ಪಿಚರ್ ಸರಿಯಾಗಿ ಎಸೆಯದಿದ್ದರೆ ಬ್ಯಾಟರ್‌ಗೆ ಹೊಡೆಯದೆಯೇ ಮೊದಲ ಬೇಸ್ ಸಿಗುತ್ತದೆ. ಇದಕ್ಕೆ 'ವಾಕ್' ಎನ್ನುತ್ತಾರೆ. ಆ ಒಂದು ವರ್ಷ ಮಾತ್ರ ವಾಕ್‌ಗಳನ್ನೂ ಹಿಟ್ ಎಂದೇ ಎಣಿಸಿದರು. ಸೇಂಟ್ ಲೂಯಿಸ್ ತಂಡದ ಟಿಪ್ ಓ'ನೀಲ್ ಅವರ ಸರಾಸರಿ 0.492 ಎಂದು ದಾಖಲಾಯಿತು. 1968ರಲ್ಲಿ ಒಂದು ಸಮಿತಿ ಈ ವಾಕ್‌ಗಳನ್ನು ತೆಗೆದುಹಾಕಿತು. ಉಳಿದದ್ದು 517 ಸರದಿಗಳಲ್ಲಿ 225 ಹಿಟ್, ಅಂದರೆ 0.435. ಆಟ ಮುಗಿದು 81 ವರ್ಷಗಳಾದ ಮೇಲೆ ಅಂಕ ತಿದ್ದಿದಂತಾಯಿತು!

1893ರಲ್ಲಿ ಪಿಚರ್ ನಿಲ್ಲುವ ಜಾಗವನ್ನು ಹಿಂದಕ್ಕೆ ಸರಿಸಿ 60 ಅಡಿ 6 ಅಂಗುಲ ಮಾಡಿದರು. ಚೆಂಡನ್ನು ನೋಡಲು ಬ್ಯಾಟರ್‌ಗೆ ಸ್ವಲ್ಪ ಹೆಚ್ಚು ಸಮಯ ಸಿಕ್ಕಿತು. 1892ರಲ್ಲಿ 0.245 ಇದ್ದ ಇಡೀ ಲೀಗಿನ ಸರಾಸರಿ 1894ರಲ್ಲಿ 0.309ಕ್ಕೆ ಏರಿತು. ಅದೇ ವರ್ಷ ಬೋಸ್ಟನ್ನಿನ ಹ್ಯೂ ಡಫಿ 539 ಸರದಿಗಳಲ್ಲಿ 237 ಹಿಟ್ ಹೊಡೆದು 0.440 ಮುಟ್ಟಿದರು. 1897ರಲ್ಲಿ ಬಾಲ್ಟಿಮೋರಿನ ಕುಳ್ಳ ಆಟಗಾರ ವಿಲ್ಲಿ ಕೀಲರ್ 564 ಸರದಿಗಳಲ್ಲಿ 239 ಹಿಟ್ ಗಳಿಸಿದರು.

ಡಫಿಯವರ 0.440 ಬಹುಕಾಲ ಅತ್ಯುನ್ನತ ದಾಖಲೆ ಎನಿಸಿಕೊಂಡಿತ್ತು. ಆದರೆ ಆ ಪಟ್ಟಿಗೆ ಸೇರಲು ಎಲ್ಲರಿಗೂ ಅವಕಾಶ ಇತ್ತೇ? 1884ರಲ್ಲಿ ಟೊಲೆಡೊ ತಂಡದಲ್ಲಿ ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ವರ್ಣೀಯ ಆಟಗಾರ 42 ಪಂದ್ಯ ಆಡಿ 0.263 ಗಳಿಸಿದ್ದರು. ಆಮೇಲೆ ಬಾಗಿಲು ಮುಚ್ಚಿತು. 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೂ ತೆರೆಯಲಿಲ್ಲ. ಕಪ್ಪು ವರ್ಣೀಯರು ತಮ್ಮದೇ ನೀಗ್ರೋ ಲೀಗ್‌ಗಳಲ್ಲಿ ಆಡಿದರು. ಅವರ ಅಂಕಿಗಳು ಮೇಜರ್ ಲೀಗ್ ಲೆಕ್ಕಕ್ಕೆ ಬರಲಿಲ್ಲ.

2024ರ ಮೇ ತಿಂಗಳಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಅವನ್ನೂ ಅಧಿಕೃತ ದಾಖಲೆಗೆ ಸೇರಿಸಿತು. 1943ರಲ್ಲಿ ಜೋಶ್ ಗಿಬ್ಸನ್ ಗಳಿಸಿದ್ದ 0.466 ಮೊದಲ ಸ್ಥಾನಕ್ಕೆ ಬಂತು. ಡಫಿ ಮೂರನೆಯವರಾದರು.

"ಹಾಗಾದರೆ ಡಫಿಗೆ ಅನ್ಯಾಯ ಆಯಿತಲ್ಲಾ ಸರ್?" ಎಂದು ಒಬ್ಬ ಹುಡುಗ ಕೇಳಿದ. ನಾವು ಕಪ್ಪುಹಲಗೆ ತೋರಿಸಿದೆವು. 237ನ್ನು 539ರಿಂದ ಭಾಗಿಸಿದರೆ ಇವತ್ತೂ ಅದೇ ಉತ್ತರ. ಅವರ ಒಂದು ಹಿಟ್ಟನ್ನೂ ಯಾರೂ ಕಸಿದುಕೊಂಡಿಲ್ಲ. ಹೊರಗೆ ನಿಂತಿದ್ದವರನ್ನು ಒಳಗೆ ಕರೆದು ಎಣಿಸಿದ್ದಾರೆ, ಅಷ್ಟೇ.

ಮಕ್ಕಳೇ, ಯಾವುದೇ ಪಟ್ಟಿಯಲ್ಲಿ ಮೊದಲನೆಯವರು ಯಾರು ಎಂದು ನೋಡಿದಾಗ ಎರಡು ಪ್ರಶ್ನೆ ಕೇಳಿ. ಎಣಿಸಿದ ನಿಯಮ ಯಾವುದು? ಎಣಿಕೆಯಿಂದ ಹೊರಗೆ ಉಳಿದವರು ಯಾರು? ಅಂದ ಹಾಗೆ, ಕೀಲರ್ ಅವರ ಸರಾಸರಿಯನ್ನು ನಾವು ಬೇಕೆಂದೇ ಬರೆದಿಲ್ಲ. ನೀವೇ ಭಾಗಿಸಿ, ಮೂರು ದಶಮಾಂಶದವರೆಗೆ ತನ್ನಿ.